ಬೇಸಿಗೆ ಡ್ಯೂಟಿಗೆ ಯಾವ ಬೂಟು? ಕಾಲು ಬೇಯುತ್ತಿದೆ, ಸಲಹೆ ಕೊಡಿ

ಗೇಟ್_ಡ್ಯೂಟಿ:
ನಮಸ್ಕಾರ ಎಲ್ಲರಿಗೂ. ಸೆಕ್ಯುರಿಟಿ ಕೆಲಸ ನನ್ನದು. 12 ಗಂಟೆ ಪಾಳಿ. ಸ್ವಲ್ಪ ಹೊತ್ತು ಗೇಟಿನಲ್ಲಿ ನಿಲ್ಲಬೇಕು, ಉಳಿದ ಹೊತ್ತು ಪಾರ್ಕಿಂಗ್ ಸುತ್ತ ಗಸ್ತು. ನೆಲ ಪೂರ್ತಿ ಡಾಂಬರು, ನೆರಳು ಕಡಿಮೆ. ಈಗ ಹಾಕುತ್ತಿರುವುದು 8 ಇಂಚು ಎತ್ತರದ ಕಪ್ಪು ಲೆದರ್ ಬೂಟು, ಒಳಗೆ ವಾಟರ್‌ಪ್ರೂಫ್ ಪದರ ಬೇರೆ. ಮಧ್ಯಾಹ್ನದ ಹೊತ್ತಿಗೆ ಸಾಕ್ಸ್ ಹಿಂಡುವ ಹಾಗೆ ಒದ್ದೆಯಾಗಿರುತ್ತದೆ. ಯೂನಿಫಾರ್ಮ್ ನಿಯಮ ಇಷ್ಟೇ: ಬೂಟು ಕಪ್ಪಗಿರಬೇಕು, ಪಾದದ ಗಂಟು ಮುಚ್ಚಬೇಕು, ನೀಟಾಗಿ ಕಾಣಬೇಕು. ಬ್ರ್ಯಾಂಡ್ ಹೆಸರು ಬೇಡ. ಏನು ನೋಡಿ ಆರಿಸಬೇಕು ಅಂತ ಹೇಳಿ ಸಾಕು.

ಹಳೇ_ಬೂಟು:
ಒಳ್ಳೆಯ ಫುಲ್ ಲೆದರ್ ಬೂಟಿಗೆ ಸಮ ಯಾವುದೂ ಇಲ್ಲ. ಚರ್ಮ ಬೆವರನ್ನು ಹೀರುತ್ತದೆ, ಕಾಲಿನ ಆಕಾರಕ್ಕೆ ಹೊಂದಿಕೊಳ್ಳುತ್ತದೆ, ವರ್ಷಗಟ್ಟಲೆ ಬಾಳುತ್ತದೆ. ಈಗಿನ ಬಟ್ಟೆ ಬೂಟುಗಳು ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಬಾಯಿ ಬಿಡುತ್ತವೆ. ಸುಮ್ನೆ ಹೊಸದರ ಹಿಂದೆ ಓಡಬೇಡಿ.

ಜಾಲರಿ:
ಹಳೇ_ಬೂಟು ಸರ್, ಬಾಳಿಕೆ ವಿಷಯ ಒಪ್ಪಿದೆ. ಆದರೆ ಇವರು ಕೇಳಿದ್ದು ತಂಪು. ಮೊದಲು ಆ ವಾಟರ್‌ಪ್ರೂಫ್ ಪದರ ಬಿಡಬೇಕು. ಗೋರ್‌ಟೆಕ್ಸ್ ಥರದ ಪದರದಲ್ಲಿ ಬೆವರಿನ ಆವಿ ಹೊರಗೆ ಹೋಗುತ್ತದೆ ಅನ್ನುವುದು ನಿಜ. ಆದರೆ ಆವಿ ತಾನಾಗಿ ಹೋಗುವುದಿಲ್ಲ. ಬೂಟಿನ ಒಳಗೆ ಬಿಸಿ ಮತ್ತು ತೇವ ಜಾಸ್ತಿ ಇರಬೇಕು, ಹೊರಗೆ ಕಡಿಮೆ ಇರಬೇಕು. ಆ ವ್ಯತ್ಯಾಸವೇ ಆವಿಯನ್ನು ತಳ್ಳುವುದು. ಚಳಿಗಾಲದಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಹೊರಗೂ ಸೆಕೆ, ಗಾಳಿಯಲ್ಲೂ ತೇವ ಅಂದರೆ ತಳ್ಳುವ ಬಲವೇ ಇಲ್ಲ. ಬೆವರು ಒಳಗೇ ನೀರಾಗಿ ಕೂರುತ್ತದೆ. ಮೇಲೆ ದಪ್ಪ ಲೆದರ್ ಬೇರೆ ಇದ್ದರೆ ಕೇಳುವುದೇ ಬೇಡ.

ಗೇಟ್_ಡ್ಯೂಟಿ:
ಮಳೆ ಬಂದರೆ? ಬೇಸಿಗೆಯಲ್ಲೂ ಒಮ್ಮೊಮ್ಮೆ ಜೋರು ಸುರಿಯುತ್ತದೆ.

ಜಾಲರಿ:
ಒದ್ದೆಯಾಗಲಿ ಬಿಡಿ, ಬೇಗ ಒಣಗಿದರೆ ಸಾಕು. ಜೋರು ಮಳೆಯಲ್ಲಿ ಪ್ಯಾಂಟಿನಿಂದ ಇಳಿದ ನೀರು ಬೂಟಿನ ಬಾಯಿಂದ ಒಳಗೆ ಹೋಗಿಯೇ ಹೋಗುತ್ತದೆ. ವಾಟರ್‌ಪ್ರೂಫ್ ಬೂಟಿನಲ್ಲಿ ಆ ನೀರು ಬಕೆಟ್‌ನಲ್ಲಿ ನಿಂತ ಹಾಗೆ ನಿಲ್ಲುತ್ತದೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕ ಸೇನೆ ಇದೇ ಲೆಕ್ಕ ಹಾಕಿತ್ತು. ಅವರ ಜಂಗಲ್ ಬೂಟಿಗೆ ಕೆಳಗೆ ಲೆದರ್, ಮೇಲ್ಭಾಗಕ್ಕೆ ಬಟ್ಟೆ. ಪಾದದ ಒಳಬದಿಯಲ್ಲಿ ಸಣ್ಣ ಜಾಲರಿ ಇರುವ ತೂತುಗಳು. ನೀರು ಒಳಗೆ ಬರದಂತೆ ತಡೆಯುವ ಆಸೆಯನ್ನೇ ಬಿಟ್ಟು, ಬಂದ ನೀರು ಹೊರಗೆ ಹೋಗಿ ಬೂಟು ಬೇಗ ಒಣಗಲಿ ಅಂತ ಮಾಡಿದ್ದರು.

ಹಳೇ_ಬೂಟು:
ಅದು ಹೊಳೆ ದಾಟುವವರ ಬೂಟು ಮಾರಾಯ್ರೆ. ಇವರು ಪಾರ್ಕಿಂಗ್‌ನಲ್ಲಿ ನಡೆಯುವವರು. ಅಲ್ಲಿ ಆಯಿಲ್ ಚೆಲ್ಲಿರುತ್ತದೆ, ಧೂಳು ಇರುತ್ತದೆ. ತೂತಿರುವ ಬೂಟಿನ ಒಳಗೆ ಅದೆಲ್ಲ ಹೋಗಿ ಸಾಕ್ಸ್ ಜೊತೆ ಉಜ್ಜಿದರೆ ಕಾಲು ಏನಾಗಬೇಕು?

ಅಟ್ಟೆ_ರಿಪೇರಿ:
ನಾನು ಬೂಟು ರಿಪೇರಿ ಮಾಡುವವನು. ಇಬ್ಬರ ಮಾತಿನಲ್ಲೂ ಅರ್ಧ ಸತ್ಯ ಇದೆ. ಲೆದರ್ ಉಸಿರಾಡುತ್ತದೆ ಅನ್ನುತ್ತಾರಲ್ಲ, ಎಲ್ಲ ಲೆದರ್ ಅಲ್ಲ. ಕನ್ನಡಿ ಥರ ಹೊಳೆಯುವ ಯೂನಿಫಾರ್ಮ್ ಬೂಟುಗಳಲ್ಲಿ ಬಹಳಷ್ಟಕ್ಕೆ ಮೇಲೆ ಪ್ಲಾಸ್ಟಿಕ್ ಕೋಟಿಂಗ್ ಇರುತ್ತದೆ. ಅದರಲ್ಲಿ ಆವಿ ದಾಟುವುದು ಕಷ್ಟ. ಒಳ್ಳೆಯ ಲೆದರ್‌ಗೂ ದಿನಾ ಮೇಣದ ಪಾಲಿಶ್ ಮೆತ್ತಿದರೆ ಅದೇ ಗತಿ. ಇತ್ತ ಬಟ್ಟೆ ಬೂಟೆಲ್ಲ ತಂಪು ಅಂದುಕೊಳ್ಳಬೇಡಿ. ಹೊರಗೆ ನೈಲಾನ್, ನಡುವೆ ದಪ್ಪ ಸ್ಪಂಜು, ಒಳಗೆ ಮತ್ತೊಂದು ಲೈನಿಂಗ್. ಅಂಥದ್ದರಲ್ಲಿ ಗಾಳಿ ಎಲ್ಲಿಂದ ಬರಬೇಕು? ಕೊಳ್ಳುವಾಗ ಬಟ್ಟೆಯ ಭಾಗಕ್ಕೆ ಹೊರಗಿನಿಂದ ಬಾಯಿ ಹತ್ತಿರ ಹಿಡಿದು ಜೋರಾಗಿ ಊದಿ. ಒಳಗೆ ಇಟ್ಟ ಕೈಗೆ ಗಾಳಿ ತಾಗಬೇಕು. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ರಾತ್ರಿ_ಪಾಳಿ:
ಹಾಗಾದರೆ ಮುಂಭಾಗ ಮತ್ತು ಹಿಮ್ಮಡಿ ಲೆದರ್, ಪಕ್ಕಗಳು ಮತ್ತು ನಾಲಿಗೆ ತೆಳು ಜಾಲರಿ. ಇದೇ ಮಧ್ಯದ ದಾರಿ ಅಲ್ವಾ? ಆಯಿಲ್ ತಾಗುವ ಜಾಗಕ್ಕೆ ಲೆದರ್ ಇರುತ್ತದೆ, ಗಾಳಿಗೂ ಜಾಗ ಇರುತ್ತದೆ. ನನ್ನ ಬೂಟು ಇಂಥದ್ದೇ. ದೂರದಿಂದ ಪೂರ್ತಿ ಲೆದರ್ ಥರ ಕಾಣುತ್ತದೆ, ಇಲ್ಲಿಯವರೆಗೆ ಯಾರೂ ತಕರಾರು ಮಾಡಿಲ್ಲ.

ಶಿಫ್ಟ್_ಇನ್‌ಚಾರ್ಜ್:
ತಕರಾರು ಮಾಡುವವರ ಕಡೆಯಿಂದ ಒಂದು ಮಾತು. ನಮ್ಮಲ್ಲಿ ಎಲ್ಲರಿಗೂ ಸ್ಟೀಲ್ ಟೋ, ಅಂದರೆ ಬೆರಳ ಮೇಲೆ ಸ್ಟೀಲ್ ಕ್ಯಾಪ್ ಇರುವ ಸೇಫ್ಟಿ ಬೂಟೇ ಕಡ್ಡಾಯ. ತಂಪು, ಆರಾಮ ಎಲ್ಲ ಸರಿ. ಕಾಲ ಮೇಲೆ ಏನಾದರೂ ಬಿದ್ದರೆ ಯಾರು ಉತ್ತರ ಕೊಡಬೇಕು?

ಜಾಲರಿ:
ಏನು ಬೀಳುತ್ತದೆ ಅನ್ನುವುದೇ ಪ್ರಶ್ನೆ ಸರ್. ಐಎಸ್ಒ 20345 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಸೇಫ್ಟಿ ಬೂಟಿನ ಮುಂಭಾಗ 200 ಜೂಲ್ ಹೊಡೆತ ತಡೆಯಬೇಕು. ಅಂದರೆ ಸುಮಾರು 20 ಕಿಲೋ ಭಾರ ಒಂದು ಮೀಟರ್ ಎತ್ತರದಿಂದ ಬಿದ್ದಷ್ಟು. ಲಾರಿ ಲೋಡಿಂಗ್ ನಡೆಯುವ ಕಡೆ ನಿಲ್ಲುವವರಿಗೆ ಇದು ಬೇಕೇ ಬೇಕು. ಲಾಬಿಯಲ್ಲಿ ರಿಜಿಸ್ಟರ್ ಬರೆಸುವವರಿಗೆ ಯಾಕೆ? ಟೋ ಕ್ಯಾಪ್ ಇಲ್ಲದ ಕೆಲಸದ ಬೂಟಿಗೂ ಐಎಸ್ಒ 20347 ಅಂತ ಬೇರೆ ಮಾನದಂಡವೇ ಇದೆ. ಕಾಲಿನ ಮೇಲಿನ ತೂಕ ಬೆನ್ನ ಮೇಲಿನ ತೂಕದ ಥರ ಅಲ್ಲ. ಅದೇ ತೂಕ ಪಾದಕ್ಕೆ ಕಟ್ಟಿ ನಡೆದರೆ ದೇಹಕ್ಕೆ 4ರಿಂದ 6 ಪಟ್ಟು ಶ್ರಮ ಅಂತ ಸೈನಿಕರ ಮೇಲೆ ನಡೆದ ಹಳೆಯ ಅಧ್ಯಯನಗಳೇ ಹೇಳಿವೆ. ಶ್ರಮ ಜಾಸ್ತಿ ಅಂದರೆ ಬೆವರೂ ಜಾಸ್ತಿ.

ಶಿಫ್ಟ್_ಇನ್‌ಚಾರ್ಜ್:
ನಮ್ಮ ಹುಡುಗರು ಒಂದು ದಿನ ಲಾಬಿ, ಮರುದಿನ ಲೋಡಿಂಗ್ ಬೇ. ಡ್ಯೂಟಿ ಬದಲಾದಾಗಲೆಲ್ಲ ಬೂಟು ಬದಲಿಸಿ ಅಂತ ಹೇಳೋಕಾಗುತ್ತಾ?

ರಾತ್ರಿ_ಪಾಳಿ:
ಹಾಗಿದ್ದರೆ ಸ್ಟೀಲ್ ಬದಲು ಕಾಂಪೋಸಿಟ್ ಟೋ, ಅಂದರೆ ಲೋಹವಿಲ್ಲದ ಗಟ್ಟಿ ಪ್ಲಾಸ್ಟಿಕ್ ಥರದ ಕ್ಯಾಪ್ ಕೊಡಿಸಿ ಸರ್. 200 ಜೂಲ್ ಪರೀಕ್ಷೆ ಅದಕ್ಕೂ ಒಂದೇ. ತೂಕ ಕಡಿಮೆ, ಬಿಸಿಲಿನ ಬಿಸಿಯನ್ನು ಸ್ಟೀಲ್‌ನಷ್ಟು ಬೇಗ ಒಳಗೆ ದಾಟಿಸುವುದಿಲ್ಲ. ಮೆಟಲ್ ಡಿಟೆಕ್ಟರ್ ಇರುವ ಗೇಟಿನಲ್ಲಿ ಪದೇ ಪದೇ ಬೀಪ್ ಅನ್ನುವ ಕಾಟವೂ ಇಲ್ಲ.

ಅಟ್ಟೆ_ರಿಪೇರಿ:
ಲೇಬಲ್ ಓದುವವರಿಗೆ ಒಂದು ಮಾತು. ಸೇಫ್ಟಿ ಬೂಟಿನಲ್ಲಿ ಎಸ್1, ಎಸ್2, ಎಸ್3 ಅಂತ ಇರುತ್ತದೆ. ನಂಬರ್ ದೊಡ್ಡದಿದ್ದರೆ ಒಳ್ಳೆಯದು ಅಂದುಕೊಂಡು ಎಲ್ಲರೂ ಎಸ್3 ಕೊಳ್ಳುತ್ತಾರೆ. ಎಸ್2, ಎಸ್3 ಎರಡರಲ್ಲೂ ಮೇಲ್ಭಾಗ ನೀರು ತಡೆಯಬೇಕು ಅನ್ನುವ ಷರತ್ತಿದೆ, ಹಾಗಾಗಿ ಅವುಗಳಲ್ಲಿ ತೆರೆದ ಜಾಲರಿ ಸಿಗುವುದು ಕಷ್ಟ. ಎಸ್1ಗೆ ಆ ಷರತ್ತಿಲ್ಲ. ಮೊಳೆ ಚುಚ್ಚುವ ಭಯ ಇದ್ದರೆ ಎಸ್1ಪಿ, ಅದರ ಅಟ್ಟೆಯೊಳಗೆ ತಡೆಯುವ ಪದರ ಇರುತ್ತದೆ. ಟೋ ಕ್ಯಾಪ್ ಬೇಡದವರು ಒ1 ನೋಡಿ. ಒಣ ಬೇಸಿಗೆಗೆ ಇಷ್ಟು ಸಾಕು.

ಗೇಟ್_ಡ್ಯೂಟಿ:
ಇದು ನನಗೆ ಗೊತ್ತೇ ಇರಲಿಲ್ಲ. ಇನ್ನೊಂದು, ಡಾಂಬರಿನ ಬಿಸಿ ಅಂಗಾಲಿಗೇ ಹತ್ತುತ್ತದೆ. ಅದಕ್ಕೇನು ಮಾಡುವುದು?

ಅಟ್ಟೆ_ರಿಪೇರಿ:
ಸುಡು ಬಿಸಿಲಲ್ಲಿ ಡಾಂಬರು 60 ಡಿಗ್ರಿ ದಾಟುತ್ತದೆ. ತೆಳ್ಳಗಿನ, ಗಟ್ಟಿ ರಬ್ಬರ್ ಅಟ್ಟೆ ಆದರೆ ಬಿಸಿ ನೇರ ಮೇಲೆ ಬರುತ್ತದೆ. ಕೆಳಗೆ ರಬ್ಬರ್, ಅದರ ಮೇಲೆ ದಪ್ಪ ಫೋಮ್ ಇರುವ ಅಟ್ಟೆ ನೋಡಿ. ಫೋಮಿನೊಳಗಿನ ಗಾಳಿಯೇ ಬಿಸಿ ತಡೆಯುತ್ತದೆ. ಎಚ್‌ಐ ಅನ್ನುವ ಗುರುತಿರುವ ಬೂಟೂ ಸಿಗುತ್ತವೆ. 150 ಡಿಗ್ರಿ ಬಿಸಿ ಮರಳಿನ ಮೇಲೆ ಅರ್ಧ ಗಂಟೆ ಇಟ್ಟು ಪರೀಕ್ಷೆ ಮಾಡಿರುತ್ತಾರೆ, ಒಳಗಿನ ಬಿಸಿ 22 ಡಿಗ್ರಿಗಿಂತ ಜಾಸ್ತಿ ಏರಬಾರದು. ಡಾಂಬರಿಗೆ ಅಷ್ಟೆಲ್ಲ ಬೇಕಾಗಿಲ್ಲ, ಸುಮ್ನೆ ತೂಕ.

ಫೋಮಿನಲ್ಲಿ ಒಂದು ಮೋಸ ಇದೆ. ಪಿಯು (ಪಾಲಿಯುರೆಥೇನ್) ಫೋಮಿನ ಅಟ್ಟೆ ಗಾಳಿಯ ತೇವಕ್ಕೆ ನಿಧಾನವಾಗಿ ಕೆಡುತ್ತದೆ, ಬೂಟನ್ನು ಹಾಕದೆ ಡಬ್ಬಿಯಲ್ಲೇ ಇಟ್ಟಿದ್ದರೂ ಸರಿ. ರಿಯಾಯಿತಿಯಲ್ಲಿ ತಂದ ಹಳೇ ಸ್ಟಾಕ್ ಬೂಟು ಹೊಸತಾಗಿಯೇ ಕಾಣುತ್ತದೆ, ಡ್ಯೂಟಿಗೆ ಹಾಕಿದ ಸ್ವಲ್ಪ ದಿನಕ್ಕೆ ಅಟ್ಟೆ ಪುಡಿಪುಡಿಯಾಗಿ ಉದುರುತ್ತದೆ. ನನ್ನ ಹತ್ತಿರ ಅಂಥವು ಬರುತ್ತಲೇ ಇರುತ್ತವೆ, ಮಾಡೋಕೆ ಏನೂ ಇರುವುದಿಲ್ಲ. ಮಾನದಂಡದ ಗುರುತಿರುವ ಬೂಟಿನಲ್ಲಿ ತಯಾರಾದ ವರ್ಷ ಹಾಕಲೇಬೇಕು. ಅದನ್ನು ನೋಡಿ ತೆಗೆದುಕೊಳ್ಳಿ.

ಹಳೇ_ಬೂಟು:
ನೋಡಿದಿರಾ, ಹೊಸ ಸಾಮಾನಿನ ಹಣೆಬರಹ. ಹೊಲಿದ ಅಟ್ಟೆಯ ಲೆದರ್ ಬೂಟಿಗೆ ಹೊಸ ಅಟ್ಟೆ ಹಾಕಿಸಬಹುದು. ಇವಕ್ಕೆ? ಎತ್ತರದ ಬಗ್ಗೆಯೂ ಹೇಳಿಬಿಡುತ್ತೇನೆ, 8 ಇಂಚು ಬಿಡಬೇಡಿ. ಓಡಬೇಕಾಗಿ ಬಂದಾಗ ಕಾಲು ಉಳುಕಬಾರದು.

ಜಾಲರಿ:
ಎತ್ತರ ಇದ್ದ ಮಾತ್ರಕ್ಕೆ ಉಳುಕುವುದು ತಪ್ಪುವುದಿಲ್ಲ ಸರ್. ಹಿಮ್ಮಡಿ ಬಿಗಿಯಾಗಿ ಕೂರಬೇಕು, ಅಟ್ಟೆ ಜಾರಬಾರದು, ಅದು ಮುಖ್ಯ. ಗಂಟು ಮುಚ್ಚಬೇಕು ಅಂತಷ್ಟೇ ನಿಯಮ ಇರುವಾಗ 6 ಇಂಚು ಸಾಕು. ಆ 2 ಇಂಚು ಕಡಿಮೆಯಾದರೆ ಬಾಯಿಯ ಕಡೆಯಿಂದ ಬಿಸಿಗಾಳಿ ಎಷ್ಟು ಸುಲಭವಾಗಿ ಹೊರಗೆ ಹೋಗುತ್ತದೆ ಅಂತ ಹಾಕಿಯೇ ನೋಡಬೇಕು.

ಹಳೇ_ಬೂಟು:
ಕುರುಚಲು ಗಿಡ ಬೆಳೆದ ಕಾಂಪೌಂಡ್ ಪಕ್ಕ ಕತ್ತಲಲ್ಲಿ ನಡೆದು ನೋಡಿ, ಆಮೇಲೆ 6 ಇಂಚಿನ ಮಾತಾಡಿ. ನನ್ನ ಮತ ಬದಲಾಗುವುದಿಲ್ಲ.

ಡ್ರೆಸ್ಸಿಂಗ್_ರೂಮ್:
ನಾನು ನರ್ಸ್. ಎಲ್ಲರೂ ಬೂಟನ್ನೇ ಹಿಡಿದುಕೊಂಡಿದ್ದೀರಿ, ಒಬ್ಬರೂ ಸಾಕ್ಸ್ ಬಗ್ಗೆ ಮಾತಾಡಲಿಲ್ಲ. ಎರಡು ಪಾದದಲ್ಲಿ ಸೇರಿ ಸುಮಾರು 2.5 ಲಕ್ಷ ಬೆವರು ಗ್ರಂಥಿಗಳಿವೆ. ಯಾವ ಬೂಟು ಹಾಕಿದರೂ ಕಾಲು ಬೆವರುತ್ತದೆ. ಹತ್ತಿ ಸಾಕ್ಸ್ ಬೆವರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಬೇಗ ಒಣಗುವುದಿಲ್ಲ. ತೇವದಿಂದ ಮೆತ್ತಗಾದ ಚರ್ಮಕ್ಕೆ ಒದ್ದೆ ಬಟ್ಟೆ ಉಜ್ಜಿದರೆ ಗುಳ್ಳೆ ಏಳುತ್ತದೆ. ಪಾಲಿಯೆಸ್ಟರ್ ಅಥವಾ ನೈಲಾನ್ ಬೆರೆಸಿದ ತೆಳು ಸಾಕ್ಸ್ ಬೆವರನ್ನು ಚರ್ಮದಿಂದ ಆಚೆ ಎಳೆಯುತ್ತದೆ. ತೆಳು ಮೆರಿನೋ ಉಣ್ಣೆಯೂ ಒಳ್ಳೆಯದೇ. ಬೇಸಿಗೆಗೆ ಉಣ್ಣೆಯಾ ಅಂತ ನಗಬೇಡಿ. ಉಣ್ಣೆ ತನ್ನ ತೂಕದ ಸುಮಾರು 30 ಪರ್ಸೆಂಟ್ ತೇವ ಹೀರಿದರೂ ಮುಟ್ಟಿದರೆ ಒದ್ದೆ ಅನಿಸುವುದಿಲ್ಲ.

ಪಾಳಿಯ ಮಧ್ಯೆ ಸಾಕ್ಸ್ ಬದಲಿಸಿ. ಬ್ಯಾಗಿನಲ್ಲಿ ಒಂದು ಜೊತೆ ಇಟ್ಟುಕೊಳ್ಳುವುದು ಕಷ್ಟವೇ? ಊಟದ ಬಿಡುವಿನಲ್ಲಿ ಬೂಟು ಬಿಚ್ಚಿ, ಬೆರಳ ಸಂದು ಒರೆಸಿ, ಐದು ನಿಮಿಷ ಗಾಳಿಗೆ ಬಿಡಿ.

ಗೇಟ್_ಡ್ಯೂಟಿ:
ಸಿಸ್ಟರ್, ಬೆವರು ತಡೆಯುವ ಸ್ಪ್ರೇ ಪಾದಕ್ಕೆ ಹಾಕಬಹುದಾ? ಜೊತೆಯವರೊಬ್ಬರು ಹಾಕುತ್ತಾರೆ.

ಡ್ರೆಸ್ಸಿಂಗ್_ರೂಮ್:
ಕೆಲಸ ಮಾಡುತ್ತದೆ, ಜೊತೆಗೆ ತೊಂದರೆಯೂ ಇದೆ. ಅಮೆರಿಕದ ಸೇನಾ ಕೆಡೆಟ್‌ಗಳ ಮೇಲೆ 1990ರ ದಶಕದಲ್ಲಿ ಇದನ್ನು ಪರೀಕ್ಷೆ ಮಾಡಿದ್ದರು. ಬೆವರು ತಡೆಯುವ ಅಲ್ಯೂಮಿನಿಯಂ ಕ್ಲೋರೈಡ್ ಹಚ್ಚಿದವರಿಗೆ ನಡಿಗೆಯಲ್ಲಿ ಗುಳ್ಳೆ ಕಡಿಮೆಯಾದವು. ಆದರೆ ಪಾದ ಉರಿ, ತುರಿಕೆ ಅಂದವರು ಅದರಲ್ಲಿ ಬಹಳ ಜನ. ಹಚ್ಚುವುದಾದರೆ ರಾತ್ರಿ ಒಣ ಪಾದಕ್ಕೆ ಹಚ್ಚಿ, ಉರಿ ಬಂದರೆ ನಿಲ್ಲಿಸಿ. ಬೆರಳ ಸಂದು ಬೆಳ್ಳಗಾಗಿ ಬಿರಿದು ತುರಿಸುತ್ತಿದ್ದರೆ ಅದು ಫಂಗಸ್ ಇರಬಹುದು. ಅದಕ್ಕೆ ಪೌಡರ್ ಉದುರಿಸಿಕೊಂಡು ಕೂರಬೇಡಿ, ಡಾಕ್ಟರಿಗೆ ತೋರಿಸಿ. ಸಕ್ಕರೆ ಕಾಯಿಲೆ ಇರುವವರು ದಿನಾ ಪಾದ ನೋಡಿಕೊಳ್ಳಲೇಬೇಕು. ಸ್ಪರ್ಶ ಕಡಿಮೆಯಾಗಿದ್ದರೆ ಬೂಟು ಕಚ್ಚಿದ್ದೂ ಗೊತ್ತಾಗುವುದಿಲ್ಲ.

ರಾತ್ರಿ_ಪಾಳಿ:
ಸೈಜ್ ಬಗ್ಗೆ ನನ್ನದೊಂದು ಮಾತು. ಬೆಳಿಗ್ಗೆ ಹೋಗಿ ಬೂಟು ಕೊಳ್ಳಬೇಡಿ. ನಿಂತು ನಡೆದು ಸಂಜೆಗೆ ಪಾದ ಊದಿರುತ್ತದೆ, ಸೆಕೆಗೆ ಇನ್ನೂ ಜಾಸ್ತಿ. ಸಂಜೆ ಹೋಗಿ, ಡ್ಯೂಟಿಗೆ ಹಾಕುವ ಸಾಕ್ಸ್‌ನಲ್ಲೇ ಹಾಕಿ ನೋಡಿ. ಉದ್ದ ಬೆರಳಿನ ಮುಂದೆ ಒಂದು ಸೆಂಟಿಮೀಟರ್ ಜಾಗ ಇರಲಿ. ಹೆಣ್ಣುಮಕ್ಕಳಿಗೆ ಗಂಡಸರ ಬೂಟಿನ ಸಣ್ಣ ಸೈಜ್ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಅದರ ಹಿಮ್ಮಡಿ ನಮಗೆ ಅಗಲವಾಗುತ್ತದೆ, ಹೆಜ್ಜೆ ಹೆಜ್ಜೆಗೂ ಕಾಲು ಮೇಲೆ ಕೆಳಗೆ ಜಾರುತ್ತದೆ. ಇನ್‌ಚಾರ್ಜ್ ಸರ್, ಇದನ್ನು ಬರೆದುಕೊಳ್ಳಿ.

ಶಿಫ್ಟ್_ಇನ್‌ಚಾರ್ಜ್:
ಬರೆದುಕೊಂಡೆ ಮೇಡಂ. ಕಾಂಪೋಸಿಟ್ ಟೋ, ಎಸ್1ಪಿ, ಹೆಂಗಸರ ಅಳತೆಯದ್ದು ಬೇರೆ. ಮುಂದಿನ ಸಲ ಯೂನಿಫಾರ್ಮ್ ತರಿಸುವಾಗ ಸ್ಯಾಂಪಲ್ ಕೇಳುತ್ತೇನೆ. ಆದರೆ ಲಾಬಿಯವರಿಗೆ ಟೋ ಕ್ಯಾಪ್ ಬೇಡ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಡ್ಯೂಟಿ ಹೀಗೆ ಬದಲಾಗುತ್ತಲೇ ಇರುವ ತನಕ ಕಡ್ಡಾಯವೇ.

ಅಟ್ಟೆ_ರಿಪೇರಿ:
ಸಾಧ್ಯವಿದ್ದರೆ ತಲಾ ಎರಡು ಜೊತೆ ಕೊಡಿಸಿ ಸರ್. ಬೆವರಿದ ಬೂಟು ಒಂದು ರಾತ್ರಿಗೆ ಪೂರ್ತಿ ಒಣಗುವುದಿಲ್ಲ. ಒಂದು ದಿನ ಇದು, ಒಂದು ದಿನ ಅದು ಅಂತ ಹಾಕಿದರೆ ಎರಡೂ ಜಾಸ್ತಿ ಬಾಳುತ್ತವೆ. ಮನೆಗೆ ಹೋದ ಕೂಡಲೇ ಇನ್‌ಸೋಲ್ ಹೊರಗೆ ತೆಗೆದಿಡಿ, ಬೂಟಿನೊಳಗೆ ಹಳೇ ಪೇಪರ್ ತುರುಕಿ ನೆರಳಲ್ಲಿಡಿ. ನೇರ ಬಿಸಿಲಿಗೆ ಇಟ್ಟರೆ ಲೆದರ್ ಬಿರಿಯುತ್ತದೆ, ಅಂಟು ಬಿಡುತ್ತದೆ.

ಗೇಟ್_ಡ್ಯೂಟಿ:
ಎಲ್ಲರಿಗೂ ಥ್ಯಾಂಕ್ಸ್. 6 ಇಂಚು, ಲೆದರ್ ಮತ್ತು ಜಾಲರಿ ಸೇರಿದ್ದು, ವಾಟರ್‌ಪ್ರೂಫ್ ಪದರ ಇಲ್ಲದ್ದು ಹುಡುಕುತ್ತೇನೆ. ಸಾಕ್ಸ್ ನಾಳೆಯೇ ಬದಲಿಸುತ್ತೇನೆ. ಕೊನೆಯದಾಗಿ, ಪಕ್ಕದಲ್ಲಿ ಜಿಪ್ ಇರುವ ಬೂಟು ಆಗಬಹುದಾ? ಬಿಡುವಿನಲ್ಲಿ ಬಿಚ್ಚೋಕೆ ಸುಲಭ ಅಂತ.

ಅಟ್ಟೆ_ರಿಪೇರಿ:
ಆಗಬಹುದು. ಜಿಪ್ ಹಿಂದೆ ಬಟ್ಟೆಯ ಪಟ್ಟಿ ಹೊಲಿದಿದೆಯಾ ನೋಡಿ, ಇಲ್ಲದಿದ್ದರೆ ಸಾಕ್ಸ್ ಸಿಕ್ಕಿಕೊಳ್ಳುತ್ತದೆ. ಧೂಳು ತುಂಬಿದರೆ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ. ಲೇಸ್ ಒಮ್ಮೆ ಸರಿಯಾಗಿ ಬಿಗಿದಿಟ್ಟು ದಿನಾ ಜಿಪ್‌ನಲ್ಲೇ ತೆಗೆದು ಹಾಕಬಹುದು, ಆದರೆ ಸಂಜೆ ಕಾಲು ಊದಿದಾಗ ಲೇಸನ್ನೂ ಒಂದಿಷ್ಟು ಸಡಿಲಿಸಬೇಕು.

ಹಳೇ_ಬೂಟು:
ಜಿಪ್ ಕೆಟ್ಟಾಗ ಇವರ ಹತ್ತಿರವೇ ಬರುತ್ತೀರಿ, ಅದಕ್ಕೇ ಆಗಬಹುದು ಅಂತಿದ್ದಾರೆ.

ಅಟ್ಟೆ_ರಿಪೇರಿ:
ಹೊಟ್ಟೆಪಾಡು ಸರ್.