ಪೋರ್ಟ್‌ಅಪ್‌ಗ್ರೇಡ್ ಕೈಕೊಟ್ಟಿದೆ, ಪಿಕೆಜಿಗೆ ಹೋಗಲಾ?

ಸಾಗರದವ:
4 ಜಿಬಿ ರ‍್ಯಾಮಿನ ಹಳೆ ಲ್ಯಾಪ್‌ಟಾಪಿಗೆ ಫ್ರೀಬಿಎಸ್‌ಡಿ (ಲಿನಕ್ಸ್ ತರಹದ ಆಪರೇಟಿಂಗ್ ಸಿಸ್ಟಮ್) ಹಾಕಿ ಮನೆಯ ಫೋಟೊ, ಹಾಡು ಎಲ್ಲ ಅದರಲ್ಲೇ ಇಟ್ಟಿದ್ದೇನೆ. ಸಿದ್ಧ ಪ್ಯಾಕೇಜ್ ಹಾಕುವ ಪಿಕೆಜಿ ಬಿಟ್ಟು, ಮೊದಲಿಂದಲೂ ಪೋರ್ಟ್ಸ್‌ನಿಂದ (ಪ್ರೋಗ್ರಾಮುಗಳನ್ನು ಮೂಲ ಕೋಡಿನಿಂದ ನಾವೇ ಕಟ್ಟಿಕೊಳ್ಳುವ ಸಂಗ್ರಹ) ಕಂಪೈಲ್ ಮಾಡಿಕೊಂಡೇ ಬಂದವನು. ಹೋದ ವಾರ ಫ್ರೀಬಿಎಸ್‌ಡಿ 13ರಿಂದ 14ಕ್ಕೆ ಹೋದೆ. ಪೋರ್ಟ್ಸ್ ಇಳಿಸಿಕೊಡುತ್ತಿದ್ದ ಪೋರ್ಟ್‌ಸ್ನ್ಯಾಪ್ ಮಾಯ! ಗಿಟ್‌ನಿಂದ ಪೋರ್ಟ್ಸ್ ಇಳಿಸಿಕೊಂಡು, ರಾತ್ರಿ ಎಲ್ಲವನ್ನೂ ಹೊಸದಾಗಿ ಕಟ್ಟಲಿ ಅಂತ ‘ಪೋರ್ಟ್‌ಅಪ್‌ಗ್ರೇಡ್ -ಎ’ ಕೊಟ್ಟು ಮಲಗಿದೆ. ಮಳೆಗಾಲ, ಕರೆಂಟ್ ಹೋಗದಿದ್ದರೆ ಸಾಕು ಅಂದುಕೊಂಡಿದ್ದೆ. ಕರೆಂಟ್ ಇತ್ತು. ಆದರೆ ಪೋರ್ಟ್‌ಅಪ್‌ಗ್ರೇಡ್ ರೂಬಿ ಭಾಷೆಯನ್ನು ಹೊಸದು ಮಾಡಲು ಹೋಗಿ ತಾನೇ ಕೆಟ್ಟು ಕೂತಿತ್ತು. ಪೋರ್ಟ್‌ಅಪ್‌ಗ್ರೇಡ್ ಬರೆದಿರುವುದೇ ರೂಬಿಯಲ್ಲಿ ಅಲ್ವಾ, ಕೂತ ಕೊಂಬೆಯನ್ನೇ ಕಡಿದುಕೊಂಡಿದೆ. ಸಿಟ್ಟಿಗೆ ‘ಪಿಕೆಜಿ ಇನ್‌ಸ್ಟಾಲ್’ ಅಂತ ಒಂದು ಸಣ್ಣ ಪ್ಯಾಕೇಜ್ ಕೇಳಿದರೆ, ನಾನೇ ಕಟ್ಟಿದ ಎಫ್‌ಎಫ್‌ಎಂಪೆಗ್ (ಆಡಿಯೊ, ವಿಡಿಯೊ ಪರಿವರ್ತಿಸುವ ಪ್ರೋಗ್ರಾಮು) ತೆಗೆದು ಬೇರೆ ಹಾಕುತ್ತೇನೆ ಅನ್ನುತ್ತಿದೆ. ‘ಎನ್’ ಒತ್ತಿದ್ದೇನೆ. ಮುಂದೇನು?

ಟರ್ಮಿನಲ್ ಮಾವ:
ಪೋರ್ಟ್ಸ್ ಒಳಗಿನ ‘ಅಪ್‌ಡೇಟಿಂಗ್’ ಫೈಲ್ ಓದಿದ್ರಾ? ರೂಬಿ, ಪರ್ಲ್, ಪೈಥಾನ್ ಬದಲಾದಾಗ ಏನು ಮಾಡಬೇಕು ಅಂತ ತಾರೀಖಿನ ಸಮೇತ ಅದರಲ್ಲಿ ಇರುತ್ತದೆ.

ಸಾಗರದವ:
ಇಲ್ಲ ಮಾವ.

ಚಿಕ್ಕಶೆಲ್:
ಪೋರ್ಟ್‌ಮಾಸ್ಟರ್‌ಗೆ ಬನ್ನಿ, ಅದೂ ಪೋರ್ಟ್ಸ್ ಹೊಸದು ಮಾಡುತ್ತದೆ. ಬರೀ ಶೆಲ್ ಸ್ಕ್ರಿಪ್ಟ್, ರೂಬಿಯ ಕಾಟ ಇಲ್ಲ.

ಟರ್ಮಿನಲ್ ಮಾವ:
ರೂಬಿ ಕಾಟ ಹೋಗುತ್ತದೆ, ಕಂಪೈಲ್ ಕಾಟ ಹೋಗಲ್ಲ. 4 ಜಿಬಿಯಲ್ಲಿ ಎಲ್‌ಎಲ್‌ವಿಎಂನಂಥ ದೊಡ್ಡ ಕಂಪೈಲರ್ ಕಂಪೈಲ್ ಮಾಡೋದು ಸುಮ್ನೆ ಹಟ.
ಪಿಕೆಜಿ ನಿಮ್ಮ ಎಫ್‌ಎಫ್‌ಎಂಪೆಗ್ ಮೇಲೆ ಯಾಕೆ ಬಿತ್ತು ನೋಡಿ. ನಾವು ಬದಲಿಸದಿದ್ದರೆ ಪಿಕೆಜಿ ತ್ರೈಮಾಸಿಕ ಶಾಖೆಯಿಂದ (ಮೂರು ತಿಂಗಳಿಗೊಮ್ಮೆ ತೆಗೆಯುವ ಪೋರ್ಟ್ಸ್ ಪ್ರತಿ) ತರುತ್ತದೆ. ಆ ಶಾಖೆ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ಗೆ ಕವಲೊಡೆಯುತ್ತದೆ. ನೀವು ಗಿಟ್‌ನಿಂದ ಇಳಿಸಿದ್ದು ‘ಮೇನ್’ ಅಂದರೆ ಮುಖ್ಯ ಶಾಖೆ ಇರಬೇಕು, ಅದು ದಿನಾ ಬದಲಾಗುತ್ತದೆ. ಎರಡರ ಲೈಬ್ರರಿ ಆವೃತ್ತಿ, ಆಯ್ಕೆ ಹೊಂದಬೇಕಲ್ಲ. ಎರಡನ್ನೂ ಒಂದೇ ಶಾಖೆಗೆ ತನ್ನಿ.
ಮೊದಲು ‘ಪಿಕೆಜಿ ಪ್ರೈಮ್-ಲಿಸ್ಟ್’ ಕೊಟ್ಟು ನೀವಾಗಿ ಹಾಕಿಕೊಂಡವುಗಳ ಪಟ್ಟಿ ಉಳಿಸಿಕೊಳ್ಳಿ. ಡಿಸ್ಕಿನಲ್ಲಿ ಝಡ್‌ಎಫ್‌ಎಸ್ ಫೈಲ್ ಸಿಸ್ಟಮ್ ಇದ್ದರೆ ‘ಬೆಕ್ಟ್ಲ್ ಕ್ರಿಯೇಟ್’ ಮಾಡಿ ಈಗಿನ ಸ್ಥಿತಿ ಉಳಿಸಿಕೊಳ್ಳಿ, ಕೆಟ್ಟರೆ ಹಳೆಯದಕ್ಕೇ ಬೂಟ್ ಆಗಬಹುದು. ಆಮೇಲೆ ‘ಪಿಕೆಜಿ-ಸ್ಟ್ಯಾಟಿಕ್ ಅಪ್‌ಗ್ರೇಡ್ -ಎಫ್’ ಕೊಡಿ, ಎಲ್ಲ ಪ್ಯಾಕೇಜನ್ನೂ ಮತ್ತೆ ಹಾಕುತ್ತದೆ. 13ರಲ್ಲಿ ಕಟ್ಟಿದ್ದನ್ನೆಲ್ಲ 14ರಲ್ಲಿ ಹೊಸದಾಗಿ ಹಾಕಲೇಬೇಕು. ಎಫ್‌ಎಫ್‌ಎಂಪೆಗ್ ನೀವೇ ಯಾಕೆ ಕಟ್ಟಿದ್ದು?

ಸಾಗರದವ:
ಎಫ್‌ಡಿಕೆ-ಎಎಸಿ (ಎಎಸಿ ಆಡಿಯೊ ಮಾಡುವ ಲೈಬ್ರರಿ) ಬೇಕಿತ್ತು, ಸಿದ್ಧ ಪ್ಯಾಕೇಜಿನಲ್ಲಿ ಇಲ್ಲ. ಪಿಕೆಜಿ ಅದನ್ನು ಮುಟ್ಟದ ಹಾಗೆ ‘ಪಿಕೆಜಿ ಲಾಕ್’ ಹಾಕಿಬಿಡಲಾ?

ಟರ್ಮಿನಲ್ ಮಾವ:
ಈಗಿರುವುದು 13ರದ್ದು, ಅದಕ್ಕೆ ಬೇಡ. ತ್ರೈಮಾಸಿಕ ಶಾಖೆಯಿಂದ ಅದೊಂದನ್ನೇ ಮತ್ತೆ ಕಟ್ಟಿ, ಆಮೇಲೆ ಲಾಕ್. ಕೆಳಗಿನ ಲೈಬ್ರರಿ ಬದಲಾದಾಗ ಬೀಗ ತೆಗೆದು ಇನ್ನೊಮ್ಮೆ ಕಟ್ಟಬೇಕು, ಮರೀಬೇಡಿ.

ಸಾಗರದವ:
ಆಯ್ತು ಮಾವ! ಪ್ಯಾಕೇಜೆಲ್ಲ ಊಟದೊಳಗೆ ಮುಗಿದವು. ಎಫ್‌ಎಫ್‌ಎಂಪೆಗ್ ಕಟ್ಟೋಕೆ ಜಾಸ್ತಿ ಹೊತ್ತು ಹಿಡಿಯಿತು, ಆದರೂ ನಿದ್ದೆ ಕೆಡಲಿಲ್ಲ. ಪೋರ್ಟ್‌ಅಪ್‌ಗ್ರೇಡ್ ತೆಗೆದುಹಾಕಿದೆ, ಜೊತೆಗೆ ರೂಬಿಯೂ ಹೋಯಿತು. ಇನ್ಯಾವುದಕ್ಕೂ ಅದು ಬೇಕಾಗಿರಲೇ ಇಲ್ಲ.