ಹಳೇ ಸಿಮೆಟ್ರಿ ಕ್ಲೀನಿಂಗ್, ಭಾನುವಾರ ಯಾರ್ಯಾರು ಬರ್ತೀರ?

2ನೇ ಕ್ರಾಸ್ ಮೂಲೆ ಮನೆ:
ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಲ್ಲಿ ಮಳೆ ಹಿಡ್ಕೊಂಡ್ರೆ ಆಮೇಲೆ ಆ ಕಡೆ ಕಾಲಿಡಕ್ಕಾಗಲ್ಲ, ಅದಕ್ಕೇ ಈಗ್ಲೇ ಹೇಳ್ತಿದೀನಿ. ನಮ್ಮ ಲೇಔಟ್ ಹಿಂದಿನ ಸಿಮೆಟ್ರಿಗೆ ನಿನ್ನೆ ಹೋಗಿದ್ದೆ, ಗೇಟಿಂದ ಹತ್ತು ಹೆಜ್ಜೆ ಒಳಗೆ ಹೋಗಕ್ಕೂ ಕತ್ತಿ ಬೇಕಾಯ್ತು, ಲಂಟಾನ ಆಳೆತ್ತರ ಬೆಳೆದು ಗೋರಿ ಎಲ್ಲಿದೆ ಅಂತ ಕೋಲಲ್ಲಿ ತಡವಿ ನೋಡ್ಬೇಕು. ಒಂದು ಪುಟ್ಟ ಗೋರಿ ಸಿಕ್ತು, ಮಗೂದು. ಅಮೃತಶಿಲೆಗೆ ಸೀಸದ ಅಕ್ಷರ ಕೂರಿಸಿದ್ರು, ಎಲ್ಲ ಉದುರಿ ಸಣ್ಣ ಸಣ್ಣ ತೂತು ಉಳಿದಿದೆ, ಬೆರಳಾಡಿಸಿ ಓದಿದ್ರೆ '11 ಮಂತ್ಸ್' ಅಂತಿದೆ, ಇಸವಿ 18 ಆದ್ಮೇಲೆ ಏನೂ ಇಲ್ಲ. ಆಗೆಲ್ಲ ಮಲೆನಾಡಲ್ಲಿ ಚಳಿಜ್ವರಕ್ಕೆ ದೊರೆ ಮಕ್ಕಳೂ ಹೋಗೋವು, ತೋಟದ ಆಳು ಮಕ್ಕಳೂ ಹೋಗೋವು, ಮಲೇರಿಯಾ ಹರಡೋದು ಸೊಳ್ಳೆ ಅಂತ ರೊನಾಲ್ಡ್ ರಾಸ್ ಕಂಡುಹಿಡಿದಿದ್ದೇ 1897ರಲ್ಲಿ. ಆ ಕಲ್ಲಿನ ತಲೆ ಹತ್ರಾನೇ ಯಾರೋ ಕೋಳಿ ಪುಕ್ಕದ ಚೀಲ ಎಸೆದಿದಾರೆ. ಚೀಲ ನಾನೇ ತೆಗೆದು ಹಾಕ್ದೆ, ಉಳಿದಿದ್ದು ಒಬ್ಬರ ಕೈಲಾಗಲ್ಲ.

ಪಾರ್ಕ್ ಎದುರು ಮನೆ:
ಸರ್ ನಮ್ ಕಾಂಪೌಂಡಿಗೆ ಅಲ್ಲಿಂದ್ಲೇ ಹಾವು ಬರ್ತಿರೋದು, ಹೋದ ವಾರ ಕೊಳಕುಮಂಡಲ. ಜೆಸಿಬಿ ಕರೆಸಿ, ಎರಡು ಗಂಟೆ ಕೆಲಸ, ದುಡ್ಡು ಎಲ್ಲರೂ ಹಂಚ್ಕೊಳೋಣ.

2ನೇ ಕ್ರಾಸ್ ಮೂಲೆ ಮನೆ:
ಅಣ್ಣ ಜೆಸಿಬಿ ಮಾತ್ರ ಬೇಡ, ಕೈಮುಗಿದು ಕೇಳ್ತೀನಿ. ಎಲ್ಲ ಸುಣ್ಣದ ಗಾರೆ ಕೆಲಸ, ಬಕೆಟ್ ತಾಗಿದ್ರೆ ಮುಗೀತು. ಬೆಂಕಿನೂ ಬೇಡ, ಕಾವಿಗೆ ಕಲ್ಲು ಸೀಳುತ್ತೆ. ಗೋರಿ ಸಂದಿಲಿ ಅರಳಿ ಸಸಿ ಇದ್ರೆ ಎಳೀಬೇಡಿ, ಬೇರಿನ ಜೊತೆ ಕಟ್ಟೆನೇ ಕಿತ್ತು ಬರುತ್ತೆ, ಬುಡಕ್ಕೆ ಕೊಯ್ರಿ.

3ನೇ ಕ್ರಾಸ್ ಟೀಚರಮ್ಮ:
ಗೋಡೆ ಪಕ್ಕ ಪೂರ್ತಿ ಕಾಂಗ್ರೆಸ್ ಗಿಡ ಇದೆಯಪ್ಪ, ಹೂ ಬಿಡೋಕ್ ಮುಂಚೆ ಬೇರು ಸಮೇತ ಕೀಳ್ಬೇಕು, ಒಂದೊಂದು ಗಿಡದಲ್ಲೂ ಸಾವಿರಾರು ಬೀಜ. ಬರಿಗೈಲಿ ಮುಟ್ಬೇಡಿ, ನಂಗೆ ಹೋದ್ಸಲ ಕೈಯೆಲ್ಲ ಕೆರೆತ ಬಂದು ಹದಿನೈದು ದಿನ ಹೋಗ್ಲಿಲ್ಲ. ಮತ್ತೆ ಚರ್ಚಿನವರನ್ನ ಕೇಳಿದೀಯಾ? ಭಾನುವಾರ ಅವರಿಗೆ ಪ್ರಾರ್ಥನೆ ಇರುತ್ತಲ್ಲ.

2ನೇ ಕ್ರಾಸ್ ಮೂಲೆ ಮನೆ:
ಅಯ್ಯೋ ಹೌದಲ್ಲ ಅಮ್ಮ, ಅದು ಹೊಳೀಲೇ ಇಲ್ಲ. ಈಗಷ್ಟೇ ಫೋನ್ ಮಾಡ್ದೆ, ಶನಿವಾರ ಆದ್ರೆ ಅವರ ಕಡೆಯಿಂದ್ಲೂ ನಾಲ್ಕು ಜನ ಬರ್ತಾರಂತೆ. ಬೆಳಿಗ್ಗೆ 7ಕ್ಕೆ ಗೇಟ್ ತೆಗೀತಾರೆ. ಹಾವು ಕಂಡ್ರೆ ಹೊಡೀಬೇಡಿ, ಹಾವು ಹಿಡಿಯೋರಿಗೆ ಮೊದ್ಲೇ ಹೇಳಿಟ್ಟಿರ್ತೀನಿ.

ಪಾರ್ಕ್ ಎದುರು ಮನೆ:
ಆಯ್ತು ಬಿಡಿ ಸರ್, ಜೆಸಿಬಿ ಬೇಡ. ತೋಟದಿಂದ ಕಳೆ ಹೊಡೆಯೋ ಮಷಿನ್ ಮತ್ತೆ ನಾಲ್ಕು ಜೊತೆ ಗಮ್‌ಬೂಟ್ ತರ್ತೀನಿ. ದಾರಿಗೆ ಮಷಿನ್, ಕಲ್ಲಿನ ಹತ್ರ ಕತ್ತಿಲೇ ಕೊಯ್ಯೋಣ.

2ನೇ ಕ್ರಾಸ್ ಮೂಲೆ ಮನೆ:
ತುಂಬಾ ಥ್ಯಾಂಕ್ಸ್ ಅಣ್ಣ. ಕಲ್ಲು ತೊಳೆಯಕ್ಕೆ ಯಾರೂ ಆಸಿಡ್ ತರ್ಬೇಡಿ, ಅಮೃತಶಿಲೆ ಕರಗೋಗುತ್ತೆ, ಬರೀ ನೀರು, ಮೆತ್ತನೆ ಬ್ರಷ್ ಸಾಕು. ಮಗೂ ಗೋರಿ ನಾನು ಮಾಡ್ತೀನಿ.