ಹೊಸದಾಗಿ ತಂದ ಚಿಂಚಿಲಾ ತುಂಬಾ ಹೆದರುತ್ತಿದೆ, ಹತ್ತಿರ ಮಾಡಿಕೊಳ್ಳುವುದು ಹೇಗೆ?

ಬೂದುಬೆಟ್ಟ:

ಎಲ್ಲರಿಗೂ ನಮಸ್ಕಾರ. ಎರಡು ವರ್ಷದ ಹೆಣ್ಣು ಚಿಂಚಿಲಾ (ದಟ್ಟ ತುಪ್ಪಳದ, ಇಲಿ ಜಾತಿಯ ಚಿಕ್ಕ ಸಾಕುಪ್ರಾಣಿ) ಒಂದನ್ನು ಇತ್ತೀಚೆಗೆ ದತ್ತು ತೆಗೆದುಕೊಂಡಿದ್ದೇವೆ. ಮೊದಲು ಸಾಕಿದ್ದವರಿಗೆ ಸಮಯ ಕೊಡಲು ಆಗುತ್ತಿರಲಿಲ್ಲ, ಹಾಗಾಗಿ ಬಹಳ ಕಾಲ ಯಾರ ಕೈಯೂ ತಾಗದೆ ಕೇಜಿನಲ್ಲೇ ಇದ್ದಳಂತೆ. ಅವಳ ಹಳೆಯ ಕೇಜು, ಮರದ ಗೂಡು ಎಲ್ಲ ಜೊತೆಗೇ ಬಂದಿವೆ.

ಹಗಲಿಡೀ ಗೂಡಿನೊಳಗೆ. ಸಂಜೆ ನಾನು ಕೇಜಿನ ಬಾಗಿಲು ತೆಗೆದರೆ ಸಾಕು, ಹಿಂದಿನ ಮೂಲೆಗೆ ಹಾರಿ ಹಿಂಗಾಲಿನ ಮೇಲೆ ನೆಟ್ಟಗೆ ನಿಲ್ಲುತ್ತಾಳೆ, ಹಲ್ಲು ಕಟಕಟ ಅನ್ನಿಸುತ್ತಾಳೆ, ಎರಡು ಸಲ ಉಚ್ಚೆಯನ್ನೂ ಚಿಮ್ಮಿಸಿದಳು. ರಾತ್ರಿ ಒಮ್ಮೊಮ್ಮೆ ಬೊಗಳುವ ಹಾಗೆ ಕೂಗುತ್ತಾಳೆ. ಹುಲ್ಲು ತಿನ್ನುತ್ತಿದ್ದಾಳೆ, ಆದರೆ ನಾವು ಇರುವಾಗ ಅಲ್ಲ.

ನನಗೆ ಅವಳನ್ನು ಮುದ್ದು ಮಾಡಲೇಬೇಕು ಅಂತ ಹಟ ಇಲ್ಲ. ನಮ್ಮ ಮನೆಯಲ್ಲಿ ಹೆದರಿಕೊಂಡು ಬದುಕಬಾರದು, ಅಷ್ಟೇ. ಕೇಜ್ ಸ್ವಚ್ಛ ಮಾಡುವುದು, ತೂಕ ನೋಡುವುದು, ಬೇಕಾದಾಗ ವೈದ್ಯರ ಹತ್ತಿರ ಕರೆದೊಯ್ಯುವುದು ಇದಕ್ಕೆಲ್ಲ ಅವಳು ಸ್ವಲ್ಪವಾದರೂ ನಮ್ಮನ್ನು ನಂಬಬೇಕಲ್ವಾ? ಎಲ್ಲಿಂದ ಶುರು ಮಾಡಲಿ?

ಸಂಜೆಮಲ್ಲಿಗೆ:

ಅವಳು ನಿಮ್ಮ ಮನೆಗೆ ಬಂದಿದ್ದು ಒಳ್ಳೆಯದಾಯಿತು. ನೀವು ಹೇಳಿದ ಯಾವುದೂ ಕೆಟ್ಟ ಸ್ವಭಾವ ಅಲ್ಲ. ನೆಟ್ಟಗೆ ನಿಲ್ಲುವುದು, ಹಲ್ಲು ಕಡಿಯುವುದು, ಉಚ್ಚೆ ಚಿಮ್ಮಿಸುವುದು ಹೆಣ್ಣು ಚಿಂಚಿಲಾಗಳು "ಇನ್ನು ಮುಂದೆ ಬರಬೇಡ" ಅಂತ ಹೇಳುವ ರೀತಿ. ಬೊಗಳುವುದು ಅಪಾಯದ ಕೂಗು, ಹೊಸ ಮನೆಯ ಸದ್ದುಗಳಿಗೆ ಹಾಗೆ ಮಾಡುತ್ತವೆ. ಅಂಥ ಹೊತ್ತಿನಲ್ಲಿ ಲೈಟ್ ಹಾಕಿ ಓಡಿಹೋಗಬೇಡಿ, ದೂರದಿಂದಲೇ ಮೆಲ್ಲಗೆ ಮಾತಾಡಿ.

ಮೊದಲು ಇದು ಎಂಥ ಪ್ರಾಣಿ ಅಂತ ಮನಸ್ಸಿನಲ್ಲಿ ಇಟ್ಟುಕೊಂಡರೆ ಉಳಿದದ್ದು ಸುಲಭ. ಚಿಂಚಿಲಾದ ಮೂಲ ಆಂಡಿಸ್ ಬೆಟ್ಟಗಳು. ಅಲ್ಲಿ ಬಂಡೆ ಸಂದುಗಳಲ್ಲಿ ಗುಂಪಾಗಿ ಬದುಕುತ್ತವೆ, ಮೇಲಿನಿಂದ ಹಕ್ಕಿ ಎರಗುತ್ತದೆ, ಕೆಳಗೆ ನರಿ ಕಾಯುತ್ತಿರುತ್ತದೆ. ಈಗ ನಿಮ್ಮ ಕೈ ಎಲ್ಲಿಂದ ಬರುತ್ತಿದೆ ನೋಡಿ. ಕೇಜ್ ನೆಲದ ಮೇಲಿದ್ದರೆ ನೀವು ಪ್ರತಿ ಸಲ ಬಗ್ಗಿ, ಮೇಲಿನಿಂದಲೇ ಕೈ ಹಾಕುತ್ತೀರಿ. ಅವಳಿಗೆ ಅದು ಹದ್ದು. ಕೇಜನ್ನು ಭದ್ರವಾದ ಮೇಜಿನ ಮೇಲೆ, ನಿಮ್ಮ ಎದೆಮಟ್ಟಕ್ಕೆ ಬರುವ ಹಾಗೆ, ಒಂದು ಅಥವಾ ಎರಡು ಬದಿ ಗೋಡೆಗೆ ತಾಗಿಸಿ ಇಡಿ. ಇಷ್ಟು ಮಾಡಿದರೇ ಎಷ್ಟೋ ಪ್ರಾಣಿಗಳು ಅರ್ಧ ಸಮಾಧಾನ ಆಗುತ್ತವೆ.

ಮೊದಲ ಒಂದೆರಡು ವಾರ ಮುಟ್ಟುವ ಯೋಚನೆಯೇ ಬೇಡ. ಸಂಜೆ ಅವಳು ಎದ್ದ ಮೇಲೆ, ದಿನಾ ಅದೇ ಹೊತ್ತಿಗೆ, ಕೇಜಿನ ಪಕ್ಕ ಓರೆಯಾಗಿ ಕುಳಿತುಕೊಳ್ಳಿ. ಅವಳ ಕಡೆ ದಿಟ್ಟಿಸಿ ನೋಡಬೇಡಿ. ಏನಾದರೂ ಓದಿಕೊಳ್ಳಿ, ಫೋನಿನಲ್ಲಿ ಮೆಲ್ಲಗೆ ಮಾತಾಡಿ. ಬಾಗಿಲು ತೆಗೆಯುವ ಮೊದಲು ಪ್ರತಿ ಸಲ ಅದೇ ಮಾತು ಹೇಳಿ. ಏನಾಗುತ್ತದೆ ಅಂತ ಮೊದಲೇ ಗೊತ್ತಾದರೆ ಹೆದರುವ ಪ್ರಾಣಿಗೆ ತುಂಬಾ ನೆಮ್ಮದಿ.

ಅವಳು ನೀವಿದ್ದಾಗಲೇ ಹುಲ್ಲು ತಿನ್ನಲು ಬಂದರೆ, ಅಥವಾ ನಿಮ್ಮ ಮುಂದೆ ಕುಳಿತು ಮುಖ ಒರೆಸಿಕೊಂಡರೆ, ಮುಂದಿನ ಹೆಜ್ಜೆ ಇಡಬಹುದು. ಬಾಗಿಲು ತೆಗೆದು ಕೈಯನ್ನು ಅಂಗೈ ಮೇಲೆ ಮಾಡಿ ಕೇಜಿನ ತಳದ ಮೇಲೆ ಇಡಿ. ಬೆರಳು ಆಡಿಸಬೇಡಿ, ಅವಳ ಕಡೆ ಚಾಚಬೇಡಿ. ಸುಮ್ನೆ ಇರಲಿ. ಮೊದಲು ದೂರದಿಂದ ಮೂಸುತ್ತಾಳೆ. ಆಮೇಲೆ ಮೈ ಉದ್ದ ಮಾಡಿ, ಹಿಂಗಾಲು ಇದ್ದಲ್ಲೇ ಬಿಟ್ಟು ಮೂತಿ ಮಾತ್ರ ಮುಂದೆ ತರುತ್ತಾಳೆ, ಹಾರಿ ಓಡಲು ಸಿದ್ಧವಾಗಿಯೇ. ಮೀಸೆ ನಿಮ್ಮ ಬೆರಳಿಗೆ ತಾಗುತ್ತದೆ. ಆಗ ಖುಷಿಯಿಂದ ಕೈ ಎತ್ತಿಬಿಟ್ಟರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಕೆಲವೊಮ್ಮೆ ಹಲ್ಲಿನಿಂದ ಮೆಲ್ಲಗೆ ಕಚ್ಚಿ ನೋಡುತ್ತವೆ. ಅದು ಪರೀಕ್ಷೆ, ಸಿಟ್ಟಿನ ಕಡಿತ ಅಲ್ಲ. ಕೈ ಥಟ್ಟನೆ ಎಳೆದುಕೊಳ್ಳಬೇಡಿ. ಜೋರಾಯಿತು ಅನ್ನಿಸಿದರೆ ಮೆಲ್ಲಗೆ ಹಿಂದಕ್ಕೆ ಸರಿಸಿ.

ಪ್ರತಿ ಭೇಟಿಯನ್ನೂ ಮುಗಿಸುವುದು ಅವಳಾಗಿರಲಿ ಅನ್ನುವುದು ನನ್ನ ಬಲವಾದ ಅಭಿಪ್ರಾಯ. ಅವಳು ತಿರುಗಿ ಹೋದರೆ ಅವತ್ತಿಗೆ ಸಾಕು. ಬೇಡ ಅಂದಾಗ ನಿಜವಾಗಿಯೂ ಬಿಡುತ್ತಾರೆ ಅಂತ ಗೊತ್ತಾದ ಮೇಲೆಯೇ ಅವಳು ತಾನಾಗಿ ಬರುವುದು. ಮತ್ತೆ, ಗೂಡಿನೊಳಗೆ ಯಾವತ್ತೂ ಕೈ ಹಾಕಬೇಡಿ, ಗೂಡು ಎತ್ತಿ ಅವಳನ್ನು ಹೊರಗೆ ತರಬೇಡಿ. ಅದೊಂದು ಜಾಗ ಪೂರ್ತಿ ಅವಳದೇ ಆಗಿರಲಿ.

ಇನ್ನೊಂದು ವಿಷಯ. ಸ್ವಚ್ಛ ಮಾಡುವಾಗ ಎಲ್ಲವನ್ನೂ ಒಂದೇ ಸಲ ತೊಳೆದು ಹೊಸದು ಹಾಕಬೇಡಿ. ಹಳೆಯ ಗೂಡು, ಸ್ವಲ್ಪ ಹಳೆಯ ಹಾಸು ಹಾಗೇ ಇರಲಿ, ಅವಳ ವಾಸನೆ ಉಳಿಯಬೇಕು. ಪೆಲೆಟ್ (ಗುಳಿಗೆಯಂಥ ಸಿದ್ಧ ಆಹಾರ) ಕೂಡ ಮೊದಲು ತಿನ್ನುತ್ತಿದ್ದದ್ದೇ ಕೊಡಿ. ಬದಲಾಯಿಸಬೇಕಾದರೆ ಒಂದೆರಡು ವಾರ ತೆಗೆದುಕೊಂಡು, ಹಳೆಯದರ ಜೊತೆ ಬೆರೆಸುತ್ತಾ ಬದಲಾಯಿಸಿ.

ಕಲ್ಲುಹೂವು:

ಇಷ್ಟು ಕಾಯಬೇಕಾ? ನನಗೆ ಅನ್ನಿಸುವುದು, ದಿನಾ ಹತ್ತು ನಿಮಿಷ ಹಿಡಿದು ಮಡಿಲಲ್ಲಿ ಇಟ್ಟುಕೊಂಡರೆ ತಾನಾಗಿ ರೂಢಿ ಆಗುತ್ತದೆ. ನಾಯಿಮರಿಗಳಿಗೆ ನಾವು ಹಾಗೇ ಮಾಡುತ್ತೇವಲ್ವಾ. ಬಿಟ್ಟಷ್ಟೂ ದೂರ ಹೋಗುತ್ತದೆ ಅಂತ ಭಯ.

ರಾತ್ರಿಪಾಳಿ:

ಕಲ್ಲುಹೂವು ಅವರೇ, ನಿಮ್ಮ ಕಾಳಜಿ ಅರ್ಥವಾಗುತ್ತದೆ, ಆದರೆ ಚಿಂಚಿಲಾ ವಿಷಯದಲ್ಲಿ ದಯವಿಟ್ಟು ಹೀಗೆ ಮಾಡಬೇಡಿ. ನಾಯಿ ಬೇಟೆಯಾಡುವ ಜಾತಿ, ಇದು ಬೇಟೆಗೆ ಸಿಗುವ ಜಾತಿ. ಹಿಡಿದಾಗ ಒದ್ದಾಡುವುದನ್ನು ನಿಲ್ಲಿಸಿತು ಅಂದರೆ ರೂಢಿ ಆಯಿತು ಅಂತಲ್ಲ, ಎಷ್ಟೋ ಸಲ ಅದು ಭಯಕ್ಕೆ ಮರಗಟ್ಟಿ ಕೂತಿರುತ್ತದೆ.

ಅದಲ್ಲದೆ ದೇಹಕ್ಕೂ ಅಪಾಯ ಇದೆ. ಚಿಂಚಿಲಾದ ಒಂದೊಂದು ರೋಮಕೂಪದಿಂದ 50ಕ್ಕೂ ಹೆಚ್ಚು ಕೂದಲು ಬರುತ್ತವೆ. ಬಿಗಿಯಾಗಿ ಹಿಡಿದರೆ ಅಥವಾ ಗಾಬರಿಯಾದರೆ ಆ ಜಾಗದ ತುಪ್ಪಳವನ್ನೇ ಬಿಟ್ಟು ತಪ್ಪಿಸಿಕೊಳ್ಳುತ್ತದೆ. ಹಿಡಿದವರ ಕೈಯಲ್ಲಿ ಒಂದು ಮುಷ್ಟಿ ಕೂದಲು, ಅದರ ಮೈ ಮೇಲೆ ನುಣ್ಣನೆಯ ಬೋಳು ಚರ್ಮ. ನೋವೇನೂ ಜಾಸ್ತಿ ಆಗುವುದಿಲ್ಲ, ಆದರೆ ಮತ್ತೆ ಪೂರ್ತಿ ಬೆಳೆಯಲು ಕೆಲವು ತಿಂಗಳು ಬೇಕು. ಪಕ್ಕೆಲುಬುಗಳು ತುಂಬಾ ನಾಜೂಕು, ಎದೆಯ ಸುತ್ತ ಅದುಮಿ ಹಿಡಿಯಲೇಬಾರದು. ಬಾಲದ ತುದಿ ಹಿಡಿದು ಎಳೆದರೆ ಚರ್ಮ ಕಿತ್ತು ಬರಬಹುದು.

ಎತ್ತಲೇಬೇಕಾದ ದಿನ ಬಂದರೆ ಎರಡೂ ಕೈಯಿಂದ, ಕೆಳಗಿನಿಂದ, ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗಕ್ಕೆ ಆಧಾರವಾಗಿ. ತಕ್ಷಣ ನಿಮ್ಮ ಎದೆಗೆ ತಾಗಿಸಿಕೊಳ್ಳಿ. ನಾಲ್ಕೂ ಕಾಲಿಗೆ ಏನಾದರೂ ಆಸರೆ ಸಿಕ್ಕರೆ ಒದ್ದಾಟ ಕಡಿಮೆ. ನೆಲದ ಹತ್ತಿರ ಕುಳಿತೇ ಮಾಡಿ, ಜಿಗಿದರೂ ಪೆಟ್ಟಾಗಬಾರದು.

ಬೂದುಬೆಟ್ಟ ಅವರೇ, ಉಚ್ಚೆ ಚಿಮ್ಮಿಸುವ ತನಕ ಕಾಯಬೇಡಿ. ಅದಕ್ಕೂ ಮೊದಲು ಸೂಚನೆ ಕೊಡುತ್ತಾಳೆ. ತಿನ್ನುತ್ತಿದ್ದವಳು ಅಗಿಯುವುದನ್ನು ನಿಲ್ಲಿಸುತ್ತಾಳೆ, ಮೈ ಕಲ್ಲಾಗುತ್ತದೆ, ಕಿವಿ ಹಿಂದಕ್ಕೆ ಹೋಗುತ್ತದೆ, ಭಾರವೆಲ್ಲ ಹಿಂಗಾಲಿಗೆ ಬರುತ್ತದೆ. ಅಗಿಯುವುದು ನಿಂತ ಕೂಡಲೇ ನೀವೂ ನಿಂತುಬಿಡಿ. ಮತ್ತೆ ಅಗಿಯಲು ಶುರು ಮಾಡಿದರೆ ಅದೇ ದೂರದಲ್ಲಿ ಇನ್ನಷ್ಟು ಹೊತ್ತು ಇರಿ. ಮಾಡದಿದ್ದರೆ ಒಂದು ಹೆಜ್ಜೆ ಹಿಂದೆ ಸರಿಯಿರಿ. ನನ್ನ ಪ್ರಕಾರ ಇದೊಂದನ್ನು ಕಲಿತರೆ ಬೇರೆ ಎಲ್ಲ ಉಪಾಯಗಳಿಗಿಂತ ಜಾಸ್ತಿ ಉಪಯೋಗ.

ಬೂದುಬೆಟ್ಟ:

ತುಂಬಾ ಧನ್ಯವಾದ ಇಬ್ಬರಿಗೂ. ಕೇಜ್ ನೆಲದ ಮೇಲೇ ಇತ್ತು, ಇವತ್ತೇ ಎತ್ತರಕ್ಕೆ ಇಡುತ್ತೇನೆ. ಅಗಿಯುವುದನ್ನು ನಿಲ್ಲಿಸುತ್ತಾಳೆ ಅಂದಿರಲ್ಲ, ಅದು ನೂರಕ್ಕೆ ನೂರು ನಿಜ, ನಾನು ಕೋಣೆಗೆ ಕಾಲಿಟ್ಟ ತಕ್ಷಣ ಹಾಗೇ ಮಾಡುತ್ತಾಳೆ.

ಇನ್ನು ಕೆಲವು ಪ್ರಶ್ನೆ. ತಿಂಡಿ ತೋರಿಸಿ ಹತ್ತಿರ ಕರೆಯಬಹುದಾ? ಏನು ಕೊಡಬಹುದು? ಧೂಳುಸ್ನಾನಕ್ಕೆ, ಅಂದರೆ ಮೈ ಶುಚಿಗೆ ಪುಡಿಯಲ್ಲಿ ಉರುಳಾಡುವುದಕ್ಕೆ, ಬಟ್ಟಲು ಕೇಜಿನಲ್ಲೇ ಬಿಡಬೇಕಾ? ಹೊರಗೆ ಓಡಾಡಲು ಯಾವಾಗ ಬಿಡಬಹುದು? ಮತ್ತೆ, ಅವಳು ಅಡಗಿ ಕೂತಿರುವುದು ಬರೀ ಹೆದರಿಕೆಯೋ ಕಾಯಿಲೆಯೋ ಅಂತ ತಿಳಿಯುವುದು ಹೇಗೆ? ನನಗೆ ಜಾಸ್ತಿ ಚಿಂತೆ ಅದರದ್ದೇ.

ಸಂಜೆಮಲ್ಲಿಗೆ:

ಕೊನೆಯ ಪ್ರಶ್ನೆಗೇ ಮೊದಲು ಬರುತ್ತೇನೆ, ಮುಖ್ಯವಾದದ್ದು ಅದು. ಹೆದರಿದ ಚಿಂಚಿಲಾ ಕೂಡ ರಾತ್ರಿ ತಿನ್ನುತ್ತದೆ, ಹಿಕ್ಕೆ ಹಾಕುತ್ತದೆ. ಹಾಗಾಗಿ ಬೆಳಿಗ್ಗೆ ಹಿಕ್ಕೆ ನೋಡಿ. ದಪ್ಪಗೆ, ಉದ್ದುದ್ದವಾಗಿ, ಗಟ್ಟಿಯಾಗಿ, ತುಂಬಾ ಇದ್ದರೆ ಹೊಟ್ಟೆ ಕೆಲಸ ಮಾಡುತ್ತಿದೆ. ಸಣ್ಣದಾಗುತ್ತಾ, ಕಡಿಮೆಯಾಗುತ್ತಾ ಬಂದರೆ ಎಚ್ಚರ. ಒಂದು ರಾತ್ರಿ ಪೂರ್ತಿ ತಿನ್ನಲಿಲ್ಲ, ಹಿಕ್ಕೆಯೂ ಇಲ್ಲ ಅಂದರೆ "ಹೊಸ ಜಾಗ, ಸರಿ ಹೋಗುತ್ತದೆ" ಅಂತ ಕಾಯಬೇಡಿ, ಕರುಳು ನಿಂತುಹೋದರೆ ಜೀವಕ್ಕೇ ಅಪಾಯ, ಅವತ್ತೇ ಇಂಥ ಪ್ರಾಣಿಗಳನ್ನು ನೋಡುವ ಪಶುವೈದ್ಯರ ಹತ್ತಿರ ಹೋಗಿ. ಗಲ್ಲದ ಕೆಳಗೆ ತುಪ್ಪಳ ಒದ್ದೆ ಇದ್ದರೆ, ಹುಲ್ಲು ಬಾಯಿಗೆ ತೆಗೆದುಕೊಂಡು ಬಿಟ್ಟುಬಿಡುತ್ತಿದ್ದರೆ ಹಲ್ಲಿನ ತೊಂದರೆ ಇರಬಹುದು. ಇವುಗಳ ಹಲ್ಲು ಬದುಕಿರುವ ತನಕ ಬೆಳೆಯುತ್ತಲೇ ಇರುತ್ತವೆ, ಅದಕ್ಕೇ ಹುಲ್ಲು ಯಾವಾಗಲೂ ಮುಂದೆ ಇರಬೇಕು.

ತಿಂಡಿ ಕೊಡಬಹುದು, ಆದರೆ ಚಿಕ್ಕದು. ಒಂದು ಚೂರು ಗುಲಾಬಿ ಗಿಡದ ಕಾಯಿ, ಅಂದರೆ ಒಣ ರೋಸ್‌ಹಿಪ್, ಅಥವಾ ಏನೂ ಬೆರೆಸದ ಓಟ್ಸ್‌ನ ಒಂದೇ ಒಂದು ಎಸಳು. ಔಷಧಿ ಹೊಡೆಯದ ಸೇಬಿನ ಗಿಡದ ಒಣಕಡ್ಡಿ ಇನ್ನೂ ಒಳ್ಳೆಯದು. ಕಡ್ಡಿ ಉದ್ದ ಇರುವುದರಿಂದ ಒಂದು ತುದಿ ನೀವು ಹಿಡಿದುಕೊಳ್ಳಬಹುದು, ಇನ್ನೊಂದು ತುದಿಯನ್ನು ಅವಳು ದೂರದಿಂದಲೇ ಕಡಿಯಬಹುದು. ಕೈಗೆ ಹೆದರುವವಳಿಗೆ ಇದು ಬಹಳ ಸಹಾಯ. ಒಣದ್ರಾಕ್ಷಿ, ಬಾದಾಮಿ, ಗೋಡಂಬಿ, ಬೀಜಗಳು ಬೇಡ. ಸಕ್ಕರೆ, ಜಿಡ್ಡು ಇವುಗಳ ಹೊಟ್ಟೆಗೆ ಒಗ್ಗುವುದಿಲ್ಲ. ಹೊಸ ಮನೆಗೆ ಬಂದ ಮೊದಲ ದಿನಗಳಲ್ಲಿ ತಿಂಡಿಯೇ ಬೇಡ, ಹೊಟ್ಟೆ ಮೊದಲು ಸರಿಯಾಗಿ ನೆಲೆ ನಿಲ್ಲಲಿ.

ತಿಂಡಿ ತೋರಿಸಿ ಹತ್ತಿರ ಬಂದ ಕೂಡಲೇ ಹಿಡಿದುಕೊಳ್ಳುವುದನ್ನು ಮಾತ್ರ ಯಾವತ್ತೂ ಮಾಡಬೇಡಿ. ಆಮೇಲೆ ತಿಂಡಿ ಕಂಡರೂ ಹೆದರುತ್ತಾಳೆ.

ರಾತ್ರಿಪಾಳಿ:

ಧೂಳುಸ್ನಾನದ ಬಗ್ಗೆ ನಾನು ಹೇಳುತ್ತೇನೆ. ಬಟ್ಟಲು ಕೇಜಿನಲ್ಲೇ ಬಿಡಬೇಡಿ. ವಾರಕ್ಕೆ ಎರಡು ಮೂರು ಸಲ, ಹತ್ತು ಹದಿನೈದು ನಿಮಿಷ ಇಟ್ಟು ತೆಗೆದುಬಿಡಿ. ಜಾಸ್ತಿ ಆದರೆ ಚರ್ಮ ಒಣಗುತ್ತದೆ, ಕಣ್ಣು ಉರಿಯುತ್ತದೆ. ಚಿಂಚಿಲಾಗಳಿಗೆ ಅಂತಲೇ ಸಿಗುವ ನುಣ್ಣನೆ ಪುಡಿ ತೆಗೆದುಕೊಳ್ಳಿ, ಮರಳು ಬೇಡ. ನೀರಿನಲ್ಲಂತೂ ಸ್ನಾನ ಮಾಡಿಸಲೇಬಾರದು, ಅಷ್ಟು ದಟ್ಟ ತುಪ್ಪಳ ಒಳಗಿನಿಂದ ಒಣಗುವುದಿಲ್ಲ.

ನಂಬಿಕೆ ಬೆಳೆಸಲು ಈ ಸ್ನಾನ ಒಂದು ಒಳ್ಳೆಯ ಅವಕಾಶ. ಅವುಗಳಿಗೆ ಅದೆಂದರೆ ಪ್ರಾಣ. ಬಟ್ಟಲು ಇಟ್ಟು ನೀವು ಅಲ್ಲೇ ಕುಳಿತಿರಿ. ಹೊಟ್ಟೆ ಮೇಲೆ ಮಾಡಿ ಉರುಳಾಡುವಾಗ ಪ್ರಾಣಿ ಎಷ್ಟು ಅಸಹಾಯಕ ಅಂತ ಯೋಚಿಸಿ. ನಿಮ್ಮ ಮುಂದೆಯೇ ಹಾಗೆ ಉರುಳಿದರೆ ಕೆಲಸ ಎಷ್ಟೋ ಮುಂದೆ ಹೋಗಿದೆ ಅಂತ ಅರ್ಥ.

ಹೊರಗೆ ಬಿಡುವ ಬಗ್ಗೆ ಆತುರ ಬೇಡ. ಬಾಗಿಲಲ್ಲಿ ನಿಮ್ಮ ಕೈಯಿಂದ ಕಡ್ಡಿ ತೆಗೆದುಕೊಳ್ಳುವಷ್ಟು ಆದ ಮೇಲೆ ನೋಡೋಣ. ಇಲ್ಲದಿದ್ದರೆ ವಾಪಸ್ ಕೇಜಿಗೆ ಸೇರಿಸಲು ಅಟ್ಟಿಸಿಕೊಂಡು ಹೋಗಬೇಕಾಗುತ್ತದೆ, ಅದೊಂದೇ ಸಂಜೆಯಲ್ಲಿ ಇಷ್ಟು ದಿನದ ಕೆಲಸ ಹಾಳು. ಚಿಕ್ಕ ಕೋಣೆ ಆರಿಸಿ. ವೈರುಗಳು ಇರಬಾರದು, ಸಿಕ್ಕಿದ್ದನ್ನೆಲ್ಲ ಕಡಿಯುತ್ತಾಳೆ. ಸ್ನಾನದ ಮನೆಯಾದರೆ ಕಮೋಡ್ ಮುಚ್ಚಿರಲಿ, ನೆಲ ಒಣಗಿರಲಿ. ಬಾಗಿಲು ಹಾಕಿ, ನೆಲದ ಮೇಲೆ ಕಾಲು ಚಾಚಿ ಕುಳಿತುಕೊಳ್ಳಿ, ಅವಳನ್ನು ಹುಡುಕಬೇಡಿ. ಗೋಡೆಗೆ ಒದ್ದು ಜಿಗಿಯುತ್ತಾಳೆ, ಸುತ್ತುತ್ತಾಳೆ, ಆಮೇಲೆ ನಿಮ್ಮ ಕಾಲು ಹತ್ತಿ ಇಳಿಯುತ್ತಾಳೆ. ಆಗಲೂ ಮುಟ್ಟಬೇಡಿ. ಕೆಲವು ಸಂಜೆ ಹೀಗೆ ಕಳೆದ ಮೇಲೆ ಭುಜದ ತನಕ ಹತ್ತಿದರೆ, ಗಲ್ಲದ ಕೆಳಗೆ ಒಂದು ಬೆರಳಿನಿಂದ ಮೆಲ್ಲಗೆ ಕೆರೆದು ನೋಡಿ. ತಲೆಯ ಮೇಲಿನಿಂದ ಸವರುವುದು ಬೇಡ.

ಕಲ್ಲುಹೂವು:

ಇದೆಲ್ಲ ಓದಿ ನನಗೂ ಅನುಕೂಲವಾಯಿತು, ಧನ್ಯವಾದ. ಒಂದು ಸೇರಿಸುತ್ತೇನೆ. ಸೆಖೆ ನೋಡಿಕೊಳ್ಳಿ. 25 ಡಿಗ್ರಿ ದಾಟಿದರೆ ಇವುಗಳಿಗೆ ಕಷ್ಟ, ಬೆವರುವುದಿಲ್ಲವಾದ್ದರಿಂದ ಬರೀ ಫ್ಯಾನ್ ಹಾಕಿದರೆ ಸಾಲದು, ಕೋಣೆಯೇ ತಂಪಾಗಿರಬೇಕು. ಕಿವಿ ಕೆಂಪಗಾಗಿ, ಉಸಿರು ಜೋರಾಗಿ, ಸುಮ್ಮನೆ ಮಲಗಿದ್ದರೆ ಅದು ಶಾಂತವಾಗಿರುವುದಲ್ಲ, ಬಿಸಿ ಹೊಡೆದಿದೆ ಅಂತ. ತಕ್ಷಣ ತಂಪಾದ ಕೋಣೆಗೆ ಒಯ್ದು ವೈದ್ಯರಿಗೆ ಫೋನ್ ಮಾಡಿ.

ಬೂದುಬೆಟ್ಟ:

ಕೋಣೆಯಲ್ಲಿ ಎಸಿ ಇದೆ, ತಾಪಮಾನ ನೋಡುವ ಮೀಟರ್ ಕೇಜಿನ ಪಕ್ಕದಲ್ಲೇ ಇಟ್ಟಿದ್ದೇನೆ. ಇವತ್ತು ಬೆಳಿಗ್ಗೆ ಹಿಕ್ಕೆ ನೋಡಿದೆ, ದಪ್ಪಗೆ, ತುಂಬಾ ಇವೆ. ದೊಡ್ಡ ಸಮಾಧಾನ ಆಯಿತು. ಕೇಜ್ ಮೇಜಿನ ಮೇಲೆ ಏರಿಸಿ, ಪಕ್ಕದಲ್ಲಿ ಓರೆಯಾಗಿ ಕುಳಿತು ಪುಸ್ತಕ ಓದಿದೆ. ಗೂಡಿನಿಂದ ಮೂತಿ ಹೊರಗೆ ಬಂತು, ಮತ್ತೆ ಒಳಗೆ ಹೋಯಿತು. ಅಷ್ಟೇ, ಆದರೆ ಹಲ್ಲು ಕಡಿಯಲಿಲ್ಲ.

ತೂಕ ಮಾತ್ರ ಹೇಗೆ ನೋಡುವುದು, ಎತ್ತದೆ?

ರಾತ್ರಿಪಾಳಿ:

ಎತ್ತುವುದೇ ಬೇಡ. ಒಂದು ಚಿಕ್ಕ ಮರದ ಪೆಟ್ಟಿಗೆ, ಒಂದು ಬದಿ ತೆರೆದದ್ದು, ಕೇಜಿನಲ್ಲಿ ಖಾಯಂ ಇಡಿ. ಒಳಗೆ ಸ್ವಲ್ಪ ಹುಲ್ಲು ಹಾಕಿ, ಮುಂದೆ ತಿಂಡಿ ಶುರು ಮಾಡಿದಾಗ ಅದನ್ನೂ ಅದರಲ್ಲೇ ಇಡಿ. ಮಲಗುವ ಗೂಡು ಬೇರೆ, ಈ ಪೆಟ್ಟಿಗೆ ಬೇರೆ, ಎರಡನ್ನೂ ಬೆರೆಸಬೇಡಿ. ತಾನಾಗಿ ಒಳಗೆ ಹೋಗಿ ಕೂರುವುದು ರೂಢಿಯಾದ ಮೇಲೆ ಪೆಟ್ಟಿಗೆಯನ್ನು ಅವಳ ಸಮೇತ ಒಂದು ಅಂಗುಲ ಎತ್ತಿ ಇಳಿಸಿ. ಒಪ್ಪಿಕೊಂಡರೆ ಸ್ವಲ್ಪ ಜಾಸ್ತಿ. ಆಮೇಲೆ ಅಡುಗೆಮನೆಯ ತಕ್ಕಡಿ ಮೇಲೆ ಇಟ್ಟು, ಖಾಲಿ ಪೆಟ್ಟಿಗೆಯ ತೂಕ ಕಳೆದರೆ ಆಯಿತು. ಬೆಳೆದ ಚಿಂಚಿಲಾ ಸಾಮಾನ್ಯವಾಗಿ 400ರಿಂದ 600 ಗ್ರಾಂ, ಹೆಣ್ಣು ಸ್ವಲ್ಪ ದೊಡ್ಡದೇ. ಬೇರೆಯವರ ಚಿಂಚಿಲಾ ಜೊತೆ ಹೋಲಿಸಬೇಡಿ, ಅವಳದೇ ಹಿಂದಿನ ವಾರದ ತೂಕದ ಜೊತೆ ಹೋಲಿಸಿ. ವಾರಕ್ಕೊಮ್ಮೆ, ಅದೇ ಹೊತ್ತಿಗೆ, ಬರೆದಿಡಿ. ಇಳಿಯುತ್ತಾ ಹೋದರೆ ಆ ಚೀಟಿ ಸಮೇತ ವೈದ್ಯರಿಗೆ ತೋರಿಸಿ. ಅಲ್ಲಿಗೆ ಕರೆದೊಯ್ಯಲೂ ಇದೇ ಅಭ್ಯಾಸ ನೆರವಾಗುತ್ತದೆ, ಪೆಟ್ಟಿಗೆಯೊಳಗೆ ಹೋದಾಗ ಅದನ್ನು ಹಾಗೇ ಕ್ಯಾರಿಯರ್ ಒಳಗೆ ಇಟ್ಟು ಬಾಗಿಲು ಹಾಕಿ.

ಹಲ್ಲು ಕಡಿಯಲಿಲ್ಲ ಅಂದಿರಲ್ಲ, ಒಳ್ಳೆಯ ಸುದ್ದಿ. ನಾಳೆಯೂ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಕುಳಿತುಕೊಳ್ಳಿ. ಮೂತಿ ಹೊರಗೆ ಬಂತು ಅಂತ ಇನ್ನೂ ಹತ್ತಿರ ಸರಿಯಬೇಡಿ.